ದಡದಲ್ಲಿರುವವರ ಹೆಸರು

ಮೊದಲು ಕಾಡು, ಆಮೇಲೆ ಹಡಗು ಎಂದು ರೂಲು ಎಳೆದ ನೋಟುಬುಕ್ಕಿನಲ್ಲಿ ಬರೆದದ್ದು ತನ್ನ ಕೈಬರಹವೇ ಆಗಿದ್ದರೂ, ಇಲ್ಯಾಸ್ ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದತೊಡಗಿದಾಗ ರಮಾದೇವಿಗೆ ಅದು ಬೇರೆ ಯಾರೋ ಧೈರ್ಯದ ಹೆಂಗಸು ಬರೆದಿಟ್ಟ ಹಾಗೆ ಕಂಡಿತು. ಸೋಮವಾರ ಬೆಳಿಗ್ಗೆ ರೈಲು, ಸಂಜೆ ಎರ್ನಾಕುಲಂ. ಮಂಗಳವಾರ ಕಾರಿನಲ್ಲಿ ತೇಕಡಿ. ಆ ದಿನ ಏಕಾದಶಿ, ಉಪವಾಸ, ಆದ್ದರಿಂದ ದಾರಿಯಲ್ಲಿ ಊಟದ ಹೋಟೆಲು ಹುಡುಕುವ ಕೆಲಸ ಇಲ್ಲ. ಬುಧವಾರ ದ್ವಾದಶಿ, ಬೆಳಿಗ್ಗೆ ಪಾರಣೆಯ ಊಟ ಮುಗಿಸಿ ಒಂಬತ್ತೂವರೆಯ ದೋಣಿಯಲ್ಲಿ ಕಾಡಿನ ನಡುವಿನ ಆ ದೊಡ್ಡ ಕೆರೆ, ಸಂಜೆಗೆ ವಾಪಸು ಕೊಚ್ಚಿ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಹಡಗು. ಹಡಗು ಎಂಬ ಪದದ ಕೆಳಗೆ ಅವಳು ಸ್ಕೇಲು ಇಟ್ಟು ಎರಡು ಗೆರೆ ಎಳೆದಿದ್ದಳು. ಲೆಕ್ಕದ ಉತ್ತರದ ಕೆಳಗೆ ಎರಡು ಗೆರೆ ಎಳೆಯಬೇಕು ಎಂದು ನಲವತ್ತೊಂದನೇ ವಯಸ್ಸಿನಲ್ಲಿ ಸಂಜೆ ಶಾಲೆಯಲ್ಲಿ ಕಲಿತದ್ದು, ಆಮೇಲೆ ಯಾವುದಕ್ಕೂ ಬೇಕಾಗಿರಲಿಲ್ಲ. ಗಾಜಿನ ಹೊರಗೆ ಕೊಡಿಯಾಲ್‌ಬೈಲಿನ ಬಸ್ಸು ಕಾರುಗಳು ಒಂದನ್ನೊಂದು ಬೈಯುತ್ತ ನಿಂತಿದ್ದವು. ಒಳಗೆ ಏಸಿಯ ತಂಪಿನಲ್ಲಿ ಅವಳ ಸೆರಗು ತೋಳಿಗೆ ಅಂಟಿಕೊಂಡಿತ್ತು. ಇಂಥ ಕುರ್ಚಿಯಲ್ಲಿ ಕೂತು, ಇಂಥ ಮೇಜಿನ ಮೇಲೆ ಮೊಣಕೈ ಇಟ್ಟು, ತನಗೆ ಬೇಕಾದದ್ದನ್ನು ಹೇಳಲು ತಾನು ಇಷ್ಟು ಸುಲಭದಲ್ಲಿ ಕಲಿತದ್ದು ಯಾವಾಗ ಎಂದು ಅವಳಿಗೆ ಆಶ್ಚರ್ಯವಾಯಿತು.

"ತೇಕಡಿಯೇ ಯಾಕೆ ಅಮ್ಮಾ?" ಇಲ್ಯಾಸ್ ಕೇಳಿದ. ಟಿಕೆಟಿನ ಕೆಲಸಕ್ಕೆ ದೇವಸ್ಥಾನದ ಕಡೆಯವರೆಲ್ಲ ಅವನ ಹತ್ತಿರವೇ ಬರುವುದು. "ಕಾಡೇ ನೋಡ್ಬೇಕಾದ್ರೆ ನಾಗರಹೊಳೆ ಉಂಟಲ್ಲ. ಜೀಪಿನಲ್ಲಿ ಆರಾಮ್ ಹೋಗಿ ಬರ್ಬಹುದು."

"ಜೀಪು ಬೇಡ. ದೋಣಿ ಬೇಕು."

"ಮತ್ತೆ ಹಡಗು ಉಂಟಲ್ಲ ನಿಮಗೆ, ಅಷ್ಟು ದೊಡ್ಡದು?"

"ಹಡಗು ನನಗೆ ಮತ್ತು ಮಗ್ದಲೀನ್ ಬಾಯಿಗೆ. ದೋಣಿ ನನಗೆ ಮತ್ತು ಇವರಿಗೆ. ಇವರು ಸಮುದ್ರಕ್ಕೆ ಬರುವ ಹಾಗಿಲ್ಲ. ಕೆರೆ ಆಗ್ತದೆ."

ಇಲ್ಯಾಸ್ ತಲೆ ಆಡಿಸಿದ. ದೇವಸ್ಥಾನದ ಪೂಜೆ ಮಾಡುವ ಅವಳ ಗಂಡ, ಭಟ್ಟರು, ಸಮುದ್ರ ದಾಟಬಾರದು ಎಂಬುದು ಅವನಿಗೆ ಹೊಸ ವಿಷಯ ಅಲ್ಲ. ಗೋಡೆಯ ಮೇಲೆ ತೂಗುತ್ತಿದ್ದ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ಹೋದ ತಿಂಗಳು ಬೆರಳಿಟ್ಟು ತೋರಿಸಿದವನೂ ಅವನೇ. ಆಮೇಲೆ ಅವನು ಹಡಗಿನ ಫಾರಂ ಮುಂದೆ ತಳ್ಳಿದ. ಎಲ್ಲ ತುಂಬಿತ್ತು. ಕೆಳಗಿನ ಒಂದು ಸಾಲು ಮಾತ್ರ ಖಾಲಿ. ರಮಾದೇವಿ ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದುವ ಮೊದಲೇ ಅವನು ಹೇಳಿದ: "ಅದೆಂತ ಅಂದ್ರೆ, ನೀವು ನೀರಿನಲ್ಲಿರುವಾಗ ಏನಾದ್ರೂ ಆದ್ರೆ ದಡದಲ್ಲಿ ಯಾರಿಗೆ ಫೋನ್ ಮಾಡುವುದು ಅಂತ. ಹೆಸರು, ನಂಬರು, ಸಂಬಂಧ. ಯಜಮಾನ್ರದ್ದೇ ಹಾಕುವ ಅಲ್ವಾ?"

ಅವಳ ಕೈ ಪೆನ್ನಿನ ಹತ್ತಿರ ಹೋಗಿ ನಿಂತಿತು. "ಐದು ಗಂಟೆಯೊಳಗೆ ಹೇಳ್ತೇನೆ," ಎಂದಳು.

"ಐದಕ್ಕೆ ಕಳಿಸ್ಲೇಬೇಕು ಅಮ್ಮಾ. ತಡ ಆದ್ರೆ ಹಡಗಿನವರು ಹೆಸರು ತೆಗೀತಾರೆ. ಅವರಿಗೆ ಗೊತ್ತುಂಟು ಅಲ್ವಾ, ಯಜಮಾನ್ರಿಗೆ?"

"ಐದು ಗಂಟೆಗೆ ಗೊತ್ತಿರ್ತದೆ," ಎಂದಳು ರಮಾದೇವಿ. ಇಲ್ಯಾಸ್ ನಗು ತಡೆಯಲು ಕಂಪ್ಯೂಟರಿನ ಕಡೆ ತಿರುಗಿದ.

ಕಾವೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಂಡಕ್ಟರ್ ಸೀಟಿ ಊದಿ "ಅಜ್ಜಿ, ಸ್ವಲ್ಪ ಒಳಗೆ, ಸ್ವಲ್ಪ ಒಳಗೆ" ಎಂದಾಗ ಕಿಟಕಿಗೆ ಸರಿದು ಕೂತಳು. ಎದುರಿನ ಸೀಟಿನಲ್ಲಿ ಯೂನಿಫಾರ್ಮಿನ ಹುಡುಗಿ ತೊಡೆಯ ಮೇಲೆ ಭೂಗೋಳದ ಪುಸ್ತಕ ಬಿಡಿಸಿಟ್ಟು ನಿದ್ದೆ ತೂಗುತ್ತಿದ್ದಳು. ಪುಸ್ತಕದಲ್ಲಿ ಅದೇ ಚಿತ್ರ: ಬಾಗಿದ ಗೆರೆಯಂಥ ಸಮುದ್ರ, ಅದರ ಮೇಲೆ ಮೂರು ಹಡಗು, ದೂರದ್ದರ ತುದಿ ಮಾತ್ರ. ಭೂಮಿ ಗುಂಡಗಿದೆ ಎಂಬುದಕ್ಕೆ ಅದು ಸಾಕ್ಷಿ, ಹಡಗು ಬರುವಾಗ ಮೊದಲು ಕಾಣುವುದು ಅದರ ತುದಿ, ಎಂದು ಸಂಜೆ ಶಾಲೆಯ ಮಾಸ್ತರರು ಬೋರ್ಡಿನಲ್ಲಿ ಬರೆದು ತೋರಿಸಿದ್ದರು. ಮಕ್ಕಳ ಬೆಂಚು ಚಿಕ್ಕದು, ಮಂಡಿ ಮೇಜಿನ ಅಡಿಗೆ ತಾಗುತ್ತಿತ್ತು, ಆದರೂ ಅವಳು ಎದ್ದು ನಿಂತು ಕೇಳಿದ್ದಳು, "ಸರ್, ಹಡಗಿನಲ್ಲಿ ಇದ್ದವರಿಗೆ ನಮ್ಮ ದಡದ್ದು ಎಂತ ಮೊದಲು ಕಾಣ್ತದೆ?" ಹಿಂದಿನ ಬೆಂಚಿನ ಗ್ಯಾರೇಜಿನ ಹುಡುಗರು ಗೊಳ್ಳೆಂದು ನಕ್ಕರು. ಮಾಸ್ತರರೂ ನಕ್ಕು, "ತೆಂಗಿನ ಮರ ಇರಬೇಕು ಅಮ್ಮ, ಕೂತ್ಕೊಳ್ಳಿ, ಇದು ಪರೀಕ್ಷೆಗೆ ಬರುವುದಿಲ್ಲ" ಎಂದರು. ನಗದೆ ಇದ್ದದ್ದು ಪಕ್ಕದಲ್ಲಿ ಕೂತ ಮಗ್ದಲೀನ್ ಒಬ್ಬಳೇ. ಹಂಚಿನ ಕಾರ್ಖಾನೆಯಲ್ಲಿ ದಿನವಿಡೀ ಮಣ್ಣು ಮೆತ್ತಿಕೊಂಡು ಬರುತ್ತಿದ್ದ ಅವಳು ಮೇಜಿನ ಅಡಿಯಲ್ಲಿ ರಮಾದೇವಿಯ ಕೈ ಹಿಡಿದು, "ನಾವು ಹೋಗಿ ನೋಡುವ ರಮಕ್ಕ" ಎಂದಿದ್ದಳು. ಇಪ್ಪತ್ತೇಳು ವರ್ಷ. ಹೋಗಿ ನೋಡುವ ಎಂದದ್ದನ್ನು ಇಬ್ಬರೂ ಮರೆಯಲಿಲ್ಲ, ನೆನಪಿಸಿಕೊಳ್ಳಲೂ ಇಲ್ಲ. ಹೋದ ಕ್ರಿಸ್ಮಸ್ಸಿಗೆ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ತಂದವಳು ಬಾಗಿಲಲ್ಲೇ ನಿಂತು, "ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗು ಉಂಟಂತೆ. ಮೂರು ರಾತ್ರಿ. ನನ್ನ ಮಂಡಿ ಇನ್ನೊಂದು ವರ್ಷಕ್ಕಿಂತ ಜಾಸ್ತಿ ತಡೀಲಿಕ್ಕಿಲ್ಲ" ಎಂದಳು, ಅಷ್ಟೇ.

ಗಂಡ ಸಂಜೆ ಶಾಲೆಗೆ ಬೇಡ ಎಂದವರಲ್ಲ. ಹರಿದಾಸರು ಯಾವತ್ತೂ ಬೇಡ ಎನ್ನುವುದಿಲ್ಲ. ಅದೇ ಅವರ ಜೊತೆ ಬದುಕುವುದರಲ್ಲಿರುವ ಕಷ್ಟ. ದೇವಸ್ಥಾನದ ಸಂಜೆಯ ಪೂಜೆ ಮುಗಿಸಿ ಬಂದು ತಾನೇ ಬಡಿಸಿಕೊಂಡು ಉಣ್ಣುತ್ತಿದ್ದರು. ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿ ಕೊಟ್ಟದ್ದೂ ಅವರೇ. ಆದರೆ ಒಂದು ದಿನ ಮಾಸ್ತರರಿಗೆ ಜ್ವರ ಬಂದು ಕ್ಲಾಸು ಇಲ್ಲದೆ ಬೇಗ ಮರಳಿದಾಗ, ಜಗಲಿಯಲ್ಲಿ ಕೂತ ಯಾರೋ "ಅಮ್ಮ ಕಾಣುವುದಿಲ್ಲ ಭಟ್ರೇ" ಎಂದು ಕೇಳುವುದೂ, ಅವರು ಸ್ವಲ್ಪವೂ ತಡವರಿಸದೆ "ಭಜನೆಗೆ ಹೋಗಿದ್ದಾಳೆ" ಎನ್ನುವುದೂ ಕಿವಿಗೆ ಬಿತ್ತು. ತಡವರಿಸದೆ ಹೇಳಿದ್ದರಿಂದ ಅದು ಮೊದಲ ಸಲ ಅಲ್ಲವೆಂದು ತಿಳಿಯಿತು. ಅವಳು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಆಮೇಲೆ ಮೂರು ವರ್ಷವೂ ಊರಿನವರ ಲೆಕ್ಕದಲ್ಲಿ ಅವಳು ಭಜನೆಗೆ ಹೋದಳು. ದೇವಸ್ಥಾನದಲ್ಲಿ ಹೆಂಗಸರು "ಯಾವ ಮಂಡಳಿ ಅಮ್ಮ ನಿಮ್ಮದು?" ಎಂದು ಕೇಳಿದರೆ ಬಾಯಿಗೆ ಬಂದ ಹೆಸರು ಹೇಳುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದ ದಿನ ಹರಿದಾಸರು ಅಂಕಪಟ್ಟಿಯನ್ನು ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿ, ಆಮೇಲೆ ಮಡಚಿ, ಯಾರಿಗೂ ಕಾಣದ ಹಾಗೆ ಕಪಾಟಿನಲ್ಲಿ ಪಂಚೆಗಳ ಅಡಿಯಲ್ಲಿ ಇಟ್ಟರು. ಎರಡೂ ಪ್ರೀತಿಯಿಂದಲೇ. ಅದಕ್ಕೇ ಅದನ್ನು ಜಗಳಕ್ಕೆ ತರಲು ಅವಳಿಗೆ ಇಂದಿನವರೆಗೆ ದಾರಿ ಸಿಕ್ಕಿರಲಿಲ್ಲ.

ಈಗ ತಾನೂ ಅದನ್ನೇ ಮಾಡಿದ್ದೇನಲ್ಲ, ಎಂದು ಬಸ್ಸು ಕುಂಟಿಕಾನ ದಾಟುವಾಗ ಅನಿಸಿತು. ತಿಂಗಳಿನಿಂದ ಅವರಿಗೆ ಹೇಳಿದ್ದು ಕಾಡಿನ ಅರ್ಧ ಮಾತ್ರ. ನೋಟುಬುಕ್ಕಿನಿಂದ ಬೇರೆ ಹಾಳೆಗೆ ನಕಲು ಮಾಡಿ ಕೊಡುವಾಗ ಗುರುವಾರದ ಎದುರು ಹಡಗು ಬಿಟ್ಟು "ರೈಲು" ಎಂದು ಬರೆದಿದ್ದಳು. ಅದು ಸುಳ್ಳೂ ಅಲ್ಲ, ಅವರಿಗೆ ರೈಲೇ. ಕಾಡು ಎಂದಾಗ ಹರಿದಾಸರ ಮುಖ ಅರಳಿದ್ದು ಅವಳ ಕಣ್ಣ ಮುಂದೆ ಇದೆ. ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಕಾವೂರಿನ ಆ ಸಣ್ಣ ದೇವಸ್ಥಾನ ಬಿಟ್ಟರೆ ಹತ್ತು ದಿನ ಒಟ್ಟಿಗೆ ಎಲ್ಲೂ ಇರದವರು, "ಆನೆ ಈಜುವುದು ಕಾಣ್ತದಾ?" ಎಂದು ಕೇಳಿದ್ದರು. ಅವರನ್ನು ಆನೆ ತೋರಿಸಿ ಸಮಾಧಾನ ಮಾಡಿ, ಮರುದಿನ ದಡದಲ್ಲಿ ಬಿಟ್ಟು ಹೋಗುವ ಯೋಜನೆ ಇದು ಎಂದು ಯಾರಾದರೂ ಹೇಳಿದರೆ ಅವಳಲ್ಲಿ ಉತ್ತರ ಇಲ್ಲ. ಆ ದೇವಸ್ಥಾನದಲ್ಲಿ ಹಿಂದಿನಿಂದ ಬಂದ ಕಟ್ಟು, ಸಮುದ್ರ ದಾಟಿದವರು ಗರ್ಭಗುಡಿಯ ವಿಗ್ರಹ ಮುಟ್ಟುವ ಹಾಗಿಲ್ಲ. ಹೆಂಡತಿಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ, ಯಾಕೆಂದರೆ ಯಾವ ಹೆಂಡತಿಯೂ ಹೋಗಿರಲಿಲ್ಲ. ಅವಳು ಹೋದರೆ ಮಾತು ಬರುತ್ತದೆ, ಮಾತು ಅವರ ಮೇಲೆ ಬರುತ್ತದೆ. ಮನೆಯ ದೇವರಿಗೆ ನೈವೇದ್ಯ ಬೇಯಿಸುವ ಕೆಲಸ ತನ್ನ ಕೈ ತಪ್ಪಬಹುದು. ಐವತ್ತೆರಡು ವರ್ಷ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತದ್ದು. ಅದು ತಪ್ಪಿದರೆ ಅಳು ಬರಬೇಕಿತ್ತು. ಬಸ್ಸಿನ ಕಿಟಕಿಯಲ್ಲಿ ಮುಖಕ್ಕೆ ಗಾಳಿ ಹೊಡೆಯುವಾಗ ತನ್ನೊಳಗೆ ಹುಡುಕಿ ನೋಡಿದಳು. ಅಳು ಇರಲಿಲ್ಲ, ಒಣಗಿದ ಸೀರೆಯ ಸುಖ ಇತ್ತು. ನಿಜವಾಗಿ ಮುಚ್ಚಿಟ್ಟದ್ದು ಹಡಗನ್ನಲ್ಲ, ಇದನ್ನು. ಹಾಗೆ ತಿಳಿದ ಮೇಲೆ ಮನಸ್ಸು ಕುಗ್ಗುವ ಬದಲು ಹಗುರಾದದ್ದು ಅವಳಿಗೇ ಸೋಜಿಗ.

ಮನೆ ಮುಟ್ಟುವಾಗ ಎರಡು ಗಂಟೆ. ಹರಿದಾಸರು ಜಗಲಿಯಲ್ಲಿ ನೂಲು ಕಟ್ಟಿದ ಕನ್ನಡಕ ಏರಿಸಿಕೊಂಡು ಕೂತಿದ್ದರು. ಮಡಿಲಲ್ಲಿ ಮಠದ ಪಂಚಾಂಗ, ಅದರ ಮೇಲೆ ಅವಳು ಬರೆದು ಕೊಟ್ಟ ಹಾಳೆ, ಕಿವಿಯಲ್ಲಿ ಪೆನ್ಸಿಲು. ಅವಳು ಚಪ್ಪಲಿ ಕಳಚುವ ಮೊದಲೇ ಹೇಳಿದರು:

"ತಪ್ಪಾಗಿದೆ."

ಅವಳ ಕಾಲು ಮೆಟ್ಟಲಿನಲ್ಲೇ ನಿಂತಿತು. ಇಲ್ಯಾಸ್ ಫೋನು ಮಾಡಿದನೋ, ಮಗ್ದಲೀನ್ ಅಪ್ಪಿತಪ್ಪಿ ಹೇಳಿದಳೋ. "ನಾನೇ ಹೇಳ್ಬೇಕಂತ ಇದ್ದೆ," ಎಂದಳು.

"ಹೇಳ್ಲಿಕ್ಕೆ ಎಂತ ಉಂಟು? ಏಕಾದಶಿ ಮಂಗಳವಾರ ಅಂತ ಬರೆದಿದ್ದಿ. ಯಾವ ಪಂಚಾಂಗ ನೋಡಿದ್ದು ನೀನು?"

ಅವಳಿಗೆ ಒಮ್ಮೆಲೇ ನಗು ಬಂತು. "ಇಲ್ಯಾಸನ ಕ್ಯಾಲೆಂಡರು," ಎಂದಳು.

"ಲಾಯ್ಕ! ಮಂಗಳವಾರ ಅರುಣೋದಯಕ್ಕೆ ದಶಮಿ ಇನ್ನೂ ಉಂಟು. ಊರಿಗೆಲ್ಲ ಅವತ್ತೇ ಆಗಬಹುದು, ನಮ್ಮ ಲೆಕ್ಕದಲ್ಲಿ ಏಕಾದಶಿ ಬುಧವಾರ. ಐವತ್ತು ವರ್ಷ ಈ ಮನೆಯಲ್ಲಿ ಉಪವಾಸ ಮಾಡಿದವಳು, ಇಷ್ಟು ಗೊತ್ತಾಗ್ಲಿಲ್ಲವಾ?" ಅವರಿಗೆ ಕೋಪ ಇರಲಿಲ್ಲ, ತಪ್ಪು ಹಿಡಿದ ಖುಷಿ ಇತ್ತು. "ಪಾರಣೆ ಗುರುವಾರ ಬೆಳಿಗ್ಗೆ ಬಂತು. ಕೊಚ್ಚಿಯ ಲಾಡ್ಜಿನಲ್ಲಿ ಎಲ್ಲಿ ಪಾರಣೆ ಮಾಡುವುದು? ಎಲ್ಲ ಒಂದು ದಿನ ಮುಂದೆ ಹಾಕು. ರೈಲು ಶುಕ್ರವಾರ ಮಾಡು, ಮುಗೀತು."

ಅವರು ಪೆನ್ಸಿಲು ತೆಗೆದು ಆಗಲೇ ಗುರುವಾರದ ಮೇಲೆ ಗೆರೆ ಹೊಡೆಯಲು ಹೊರಟಿದ್ದರು. ಆ ಪೆನ್ಸಿಲಿನ ತುದಿಯನ್ನು ನೋಡುತ್ತ, ಇನ್ನು ಎರಡು ಅಕ್ಷರ ಅಳಿದರೆ ಹಡಗು ಹೋಯಿತು ಎಂದು ಅವಳಿಗೆ ಅನಿಸಿತು. ಸುಮ್ಮನಿದ್ದರೆ ಸಾಕು. ಬೇಡ ಎನ್ನದ ಗಂಡ, ಬೇಕು ಎನ್ನದ ಹೆಂಡತಿ, ನಡುವೆ ಒಂದು ತಿಥಿ. ಅಂಕಪಟ್ಟಿಯ ಹಾಗೆ ಅದೂ ಪಂಚೆಗಳ ಅಡಿಗೆ ಹೋಗುತ್ತದೆ.

"ಗುರುವಾರ ಮುಟ್ಟಬೇಡಿ," ಎಂದಳು. ದನಿ ಇಲ್ಯಾಸನ ಮೇಜಿನ ಮುಂದೆ ಇದ್ದ ಹಾಗೆಯೇ ಇತ್ತು. "ಗುರುವಾರ ಹನ್ನೆರಡು ಗಂಟೆಗೆ ನನಗೆ ಹಡಗು ಉಂಟು. ಮಗ್ದಲೀನ್ ಬಾಯಿಯೊಟ್ಟಿಗೆ. ಮೂರು ರಾತ್ರಿ. ನಿಮ್ಮ ಹಾಳೆಯಲ್ಲಿ ಬರೀಲಿಲ್ಲ, ಅದು ನನ್ನ ತಪ್ಪು. ತಿಥಿಯ ತಪ್ಪು ಸಣ್ಣದು."

ಹರಿದಾಸರು ಕನ್ನಡಕ ತೆಗೆದರು. ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿ ಪಂಚಾಂಗ ಮುಚ್ಚಿದರು. ಹೊರಗೆ ಏರ್‌ಪೋರ್ಟ್ ರಸ್ತೆಯಲ್ಲಿ ಯಾವುದೋ ಲಾರಿ ಹಿಂದೆ ಸರಿಯುತ್ತ ಕಿರುಗುಟ್ಟುತ್ತಿತ್ತು.

"ಸಮುದ್ರಕ್ಕಾ?" ಎಂದರು.

"ಹೌದು."

"ಮತ್ತೆ ಕಾಡು? ಅದು ಎಂತಕ್ಕೆ? ನನ್ನ ಬಾಯಿ ಮುಚ್ಚಿಸ್ಲಿಕ್ಕಾ?"

ಈ ಪ್ರಶ್ನೆಯನ್ನು ಅವಳು ಬಸ್ಸಿನಲ್ಲಿ ತಾನೇ ಕೇಳಿಕೊಂಡಿದ್ದಳು, ಆಗ ಉತ್ತರ ಇರಲಿಲ್ಲ. ಈಗ ಇತ್ತು. "ಸ್ವಲ್ಪ ಅದಕ್ಕೂ ಹೌದು. ಆದ್ರೆ ನೀರಿನ ಮೇಲೆ ನಿಮ್ಮ ಹತ್ತಿರ ಒಂದು ಸಲ ಕೂತ್ಕೊಳ್ಬೇಕು ಅಂತ ಇತ್ತು ನನಗೆ. ಸಮುದ್ರ ನಿಮಗೆ ಆಗುವುದಿಲ್ಲ. ಹಾಗೆ ಕೆರೆ ಇರುವ ಕಾಡು ಹುಡುಕಿದೆ."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು. ಮಡಚುವುದು ಕಂಡದ್ದೇ ಅವಳೊಳಗೆ ಹಳೆಯದೊಂದು ಕದಲಿತು. ಇದುವರೆಗೆ ಆಡದೆ ಇದ್ದ ಮಾತು ಜಗಳದ ದನಿ ಇಲ್ಲದೆ, ಅಕ್ಕಿ ಮುಗಿದಿದೆ ಎಂದು ಹೇಳುವಷ್ಟೇ ಸಹಜವಾಗಿ ಹೊರಗೆ ಬಂತು. "ನೀವು ಒಪ್ಪಬೇಕು ಅಂತ ನಾನು ಕೇಳುವುದಿಲ್ಲ. ಒಂದೇ ಕೇಳುವುದು. ಯಾರಾದ್ರೂ ಕೇಳಿದ್ರೆ ಭಜನೆಗೆ ಹೋಗಿದ್ದಾಳೆ ಅಂತ ಹೇಳಬೇಡಿ."

ಅವರ ಮುಖ ಬಿಳುಚಿತು. ಅವಳಿಗೆ ಗೊತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಎದ್ದು ಒಳಗೆ ಹೋದರು. ಕಪಾಟು ತೆರೆದ ಸದ್ದು, ಬಹಳ ಹೊತ್ತಿನ ಮೇಲೆ ಮುಚ್ಚಿದ ಸದ್ದು. ರಮಾದೇವಿ ಅಡುಗೆಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದಳು. ನೋಯಿಸಿದೆ ಎನಿಸಿತು, ನೋಯಿಸಬೇಕಾದದ್ದೇ ಎಂದೂ ಅನಿಸಿತು, ಎರಡೂ ಒಂದೇ ಪಾತ್ರೆಯ ಒಳಗು ಹೊರಗಿನ ಹಾಗೆ ಕೈಗೆ ಸಿಗುತ್ತಿದ್ದವು. ಅವರು ಬೇಡ ಎನ್ನಲಾರರು, ಅವಳು ಹೋಗದೆ ಇರಲಾರಳು. ಅದು ತೀರ್ಮಾನವಾದ ವಿಷಯ. ಖಾಲಿ ಇರುವುದು ಫಾರಂನ ಒಂದು ಸಾಲು ಮಾತ್ರ. ಅಲ್ಲಿ ಮಗ ಕೃಷ್ಣಕಿಶೋರನ ಹೆಸರು ಬರೆಯಬಹುದು. ಕಾಲೇಜಿನ ಕೆಲಸಕ್ಕೆ ರಜೆ ಹಾಕಿ ಆ ದಿನಗಳ ಪೂಜೆ ಮಾಡಲು ಅವನು ಒಪ್ಪಿಯೂ ಇದ್ದ. ಬರೆದರೆ ಫಾರಂ ಹೋಗುತ್ತದೆ, ಹಡಗು ಹೊರಡುತ್ತದೆ, ಯಾವ ಅಡ್ಡಿಯೂ ಇಲ್ಲ. ಆದರೆ ಮೂರು ರಾತ್ರಿ ನೀರಿನ ಮೇಲೆ ನಿಂತು ದಡದ ಕಡೆ ನೋಡುವವಳಿಗೆ ದಡದಲ್ಲಿ ಅವಳು ಹಡಗಿನಲ್ಲಿದ್ದಾಳೆ ಎಂದು ಬಾಯಿ ಬಿಟ್ಟು ಹೇಳುವ ಒಬ್ಬರು ಬೇಕು, ಇಲ್ಲದಿದ್ದರೆ ಅದು ಇನ್ನೊಂದು ಭಜನೆಯೇ.

ನಾಲ್ಕು ಗಂಟೆಗೆ ಬೋಜಣ್ಣ ಬಂದರು. ದೇವಸ್ಥಾನದ ಮೊಕ್ತೇಸರರು, ಕಾವೂರಿನಲ್ಲಿ ಹಾರ್ಡ್‌ವೇರಿನ ಅಂಗಡಿ, ಯಾವ ಮಾತನ್ನೂ ಅಂಗಡಿಯ ದನಿಯಲ್ಲೇ ಆಡುವವರು. "ಭಟ್ರೇ, ಕಾಡಿಗೆ ಹೋಗ್ತೀರಂತೆ! ನಿಮ್ಮ ಮಗ ಹೇಳಿದ. ಹುಲಿ ಸಿಕ್ಕಿದ್ರೆ ನಮ್ಮ ಕಮಿಟಿಯ ನಾಲ್ಕು ಜನರ ಹೆಸರು ಕೊಡಿ ಮಾರಾಯ್ರೆ, ಅವರನ್ನು ತಿಂದ್ರೆ ಒಂದು ಪುಣ್ಯ." ಹರಿದಾಸರು ಒಳಗಿನಿಂದ ಬಂದು ಎದುರಿಗೆ ಕೂತರು. ರಮಾದೇವಿ ಬೆಲ್ಲ, ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಹಾಗೆ ನಿಲ್ಲುವುದು ಅವಳ ಕ್ರಮ ಅಲ್ಲ, ತಂದಿಟ್ಟು ಒಳಗೆ ಹೋಗುವುದು ಕ್ರಮ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

"ಯಾವಾಗ ವಾಪಸು?" ಬೋಜಣ್ಣ ಬೆಲ್ಲ ಬಾಯಿಗೆ ಹಾಕಿಕೊಂಡರು.

"ನಾನು ಶುಕ್ರವಾರ ಬೆಳಿಗ್ಗೆ ಇಲ್ಲಿ ಇರ್ತೇನೆ."

"ನಾನು ಅಂದ್ರೆ? ಅಮ್ಮ?"

ಹರಿದಾಸರು ಅವಳ ಕಡೆ ನೋಡಲಿಲ್ಲ. ಪಂಚೆಯ ಮೇಲೆ ಕೈ ಉಜ್ಜಿಕೊಂಡರು. ಆ ಹಳೆಯ ಉತ್ತರ ತಡವರಿಸದೆ ಬಂದಿತ್ತು. ಈ ಸಲ ಅವರು ತಡವರಿಸುತ್ತಿದ್ದರು. ಬಾಗಿಲಲ್ಲಿ ನಿಂತ ಅವಳು ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅವಳು ಕೊಚ್ಚಿಯಿಂದ ಹಡಗಿನಲ್ಲಿ ಹೋಗ್ತಾಳೆ," ಎಂದರು. "ಮೂರು ರಾತ್ರಿ ಕಳೆದು ಬರ್ತಾಳೆ."

ಬೋಜಣ್ಣ ಅಗಿಯುವುದನ್ನು ನಿಲ್ಲಿಸಿದರು. "ಹಡಗು ಅಂದ್ರೆ? ಸಮುದ್ರದಲ್ಲಾ?"

"ಮತ್ತೆ ಗದ್ದೆಯಲ್ಲಿ ಹೋಗ್ತದಾ ಹಡಗು, ಬೋಜಣ್ಣ?"

"ಅಲ್ಲ ಭಟ್ರೇ... ತಮಾಷೆ ಅಲ್ಲ. ದೇವಸ್ಥಾನದ ಕಟ್ಟು ಉಂಟಲ್ಲ. ತಂತ್ರಿಗಳಲ್ಲಿ ಒಂದು ಮಾತು ಕೇಳ್ಬೇಕಾಗ್ತದೆ. ನಾಳೆ ಕಮಿಟಿಯಲ್ಲಿ ಯಾರಾದ್ರೂ ಎತ್ತಿದ್ರೆ ನಾನು ಎಂತ ಹೇಳುವುದು?"

"ಕೇಳಿ. ಅವರು ಎಂತ ಹೇಳಿದ್ರೂ ನಾನು ಕೇಳ್ತೇನೆ. ಪೂಜೆ ಬಿಡು ಅಂದ್ರೆ ಬಿಡುವ. ಕಮಿಟಿಯವರು ಕೇಳಿದ್ರೆ ಹೀಗೇ ಹೇಳಿ, ಭಟ್ರ ಹೆಂಡತಿ ಹಡಗಿನಲ್ಲಿ ಹೋಗಿದ್ದಾಳೆ ಅಂತ. ಬೇರೆ ಎಂತದೂ ಹೇಳಬೇಡಿ." ಸ್ವಲ್ಪ ತಡೆದು ಸೇರಿಸಿದರು, "ಅವಳು ಎಸ್ಸೆಸ್ಸೆಲ್ಸಿ ಪಾಸು. ಭೂಗೋಳದಲ್ಲಿ ಎಪ್ಪತ್ತೊಂದು."

ಅದಕ್ಕೂ ಇದಕ್ಕೂ ಎಂತ ಸಂಬಂಧ ಎಂದು ಬೋಜಣ್ಣನಿಗೆ ತಿಳಿಯಲಿಲ್ಲ. ಅವರು ಭಟ್ಟರನ್ನೂ ಬಾಗಿಲಲ್ಲಿ ನಿಂತವಳನ್ನೂ ನೋಡಿದರು, ಲೋಟ ಎತ್ತಿ ನೀರು ಪೂರ್ತಿ ಕುಡಿದರು. "ಆಯ್ತು. ಕೇಳುವ," ಎಂದು ಎದ್ದು, ಮೆಟ್ಟಲಿಳಿದವರು ತಿರುಗಿ, "ವಾಂತಿ ಬರ್ತದಂತೆ ಅಮ್ಮಾ ಹಡಗಿನಲ್ಲಿ. ಲಿಂಬೆಹುಳಿ ಇಟ್ಕೊಳ್ಳಿ" ಎಂದು ಹೇಳಿ ಹೋದರು. ಅವರು ನಾಳೆ ಕಮಿಟಿಯಲ್ಲಿ ಯಾವ ಕಡೆ ನಿಲ್ಲುತ್ತಾರೆ ಎಂಬುದು ಆ ಬೆನ್ನಿನಿಂದ ತಿಳಿಯುವಂತಿರಲಿಲ್ಲ.

ಹರಿದಾಸರು ಕೂತಲ್ಲೇ ಇದ್ದರು. ಸೊಂಟದಿಂದ ಹಾಳೆ ತೆಗೆದು ಮಡಿಕೆ ಬಿಡಿಸಿ, ಜಗಲಿಯ ಮೇಲೆ ಇಟ್ಟು ಅಂಗೈಯಿಂದ ತೀಡಿದರು. ಜೊತೆಗೆ ಇನ್ನೊಂದು ಮಡಚಿದ ಕಾಗದ ಬಂತು, ಮೂಲೆಯಲ್ಲಿ ಕಪ್ಪಾದ ಕುಂಕುಮ. ಅದನ್ನು ಅವರು ಅವಳ ಕಡೆ ಸರಿಸಿದರು.

"ಬುಧವಾರ ಉಪವಾಸ ಆದ್ರೆ ಅಡುಗೆ ಇಲ್ಲ," ಎಂದರು ಹಾಳೆ ನೋಡುತ್ತ. "ಹಾಗಾದ್ರೆ ಒಂಬತ್ತೂವರೆಯ ದೋಣಿ ಯಾಕೆ? ಅದಕ್ಕಿಂತ ಮೊದಲಿನದು ಇಲ್ಲವಾ? ಆನೆ ಬೆಳಿಗ್ಗೆ ಅಲ್ವಾ ನೀರಿಗೆ ಬರುವುದು?"

"ಏಳೂವರೆಗೆ ಉಂಟು."

"ಅದು ಹಾಕು. ಗುರುವಾರ ಪಾರಣೆ ಏಳು ಗಂಟೆಗೆ, ಕೊಚ್ಚಿಯಲ್ಲಿ ಯಾರಾದ್ರೂ ನಮ್ಮವರ ಮನೆ ನೋಡುವ. ಖಾಲಿ ಹೊಟ್ಟೆಯಲ್ಲಿ ಹಡಗು ಹತ್ತುವುದು ಬೇಡ."

ಅವಳು ಅವರ ಕಿವಿಯಿಂದ ಪೆನ್ಸಿಲು ತೆಗೆದುಕೊಂಡಳು. ಒಂಬತ್ತೂವರೆ ಹೊಡೆದು ಏಳೂವರೆ ಬರೆದಳು, ಗುರುವಾರದ ರೈಲಿನ ಮೇಲೆ ಹಡಗು ಎಂದು ಬರೆದು ಸ್ಕೇಲಿಲ್ಲದೆ ಎರಡು ಗೆರೆ ಎಳೆದಳು; ಗೆರೆ ಸ್ವಲ್ಪ ಡೊಂಕಾಯಿತು, ಇರಲಿ. ಆಮೇಲೆ ಫೋನು ತೆಗೆದು ಇಲ್ಯಾಸನಿಗೆ ಹಚ್ಚಿದಳು. ಇನ್ನೂ ಅರ್ಧ ಗಂಟೆ ಇತ್ತು.

"ಬರ್ಕೊ ಇಲ್ಯಾಸ್," ಎಂದಳು. "ದಡದಲ್ಲಿ ಹರಿದಾಸ. ಸಂಬಂಧ, ಗಂಡ." ನಂಬರು ಅವಳಿಗೆ ಬಾಯಿಪಾಠ ಇತ್ತು, ಆದರೂ ಫೋನನ್ನು ಅವರ ಕಡೆ ಚಾಚಿದಳು. ಹರಿದಾಸರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಂತ್ರ ಹೇಳಿಕೊಡುವ ಹಾಗೆ ಒಂದೊಂದೇ ಅಂಕಿ ಬಿಡಿಸಿ, ಜಗಲಿಯಿಂದ ರಸ್ತೆಗೆ ಕೇಳುವಷ್ಟು ಜೋರಾಗಿ ಹೇಳಿದರು.